ಹಿಂಬದಿ ನೋಡದ ಏಜೆಂಟ

ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ ಜುಂಜಣ್ಣ ‘ಏನ್ ಏಜೆಂಟ್ರೇ’ ಅಂತ ಕೂಗಿದಾಗಲೆಲ್ಲ ಪಾಲಾಕ್ಷ ಬೇರೆ ಯಾರನ್ನೋ ಕರೆದಿರಬಹುದು ಎನ್ನುವಂತೆ ಒಮ್ಮೆ ಹಿಂದಕ್ಕೆ ತಿರುಗಿ ನೋಡುತ್ತಿದ್ದ. ಹಿಂದೆ ಶೇಂಗಾ ಚೀಲದ ಮೇಲೆ ಕೂತು ತೂಕಡಿಸುವ ಯಾವುದಾದರೂ ಮುದುಕಿ ಬಿಟ್ಟರೆ ಯಾರೂ ಇರುತ್ತಿರಲಿಲ್ಲ. ಜುಂಜಣ್ಣನೂ ಏಜೆಂಟನೇ. ಪ್ರೈವೇಟ್ ಬಸ್ಸಿನ ಬಾಗಿಲಿಗೆ ಜೋತುಬಿದ್ದು ‘ತಳಕು, ಹಾನಗಲ್, ಮೊಳಕಾಲ್ಮೂರು’ ಎಂದು ಮೂಗಿನಲ್ಲಿ ರಾಗ ಎಳೆದು ಸೀಟು ತುಂಬಿಸುವುದು ಅವನ ಉದ್ಯೋಗ. ಈ ಊರಲ್ಲಿ ಏಜೆಂಟ ಅಂದರೆ ಒಂದೋ ಜುಂಜಣ್ಣ, ಇಲ್ಲವೇ ಶೇಂಗಾ ಮಂಡಿಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುವವ, ಅದೂ ಅಲ್ಲದಿದ್ದರೆ ಮನೆಗೆ ಬಂದು ಕೂತು, ಕಾಫಿ ಕುಡಿದು, ಯಜಮಾನರ ಸಾವಿನ ಬಗ್ಗೆ ಪ್ರೀತಿಯಿಂದ ಮಾತಾಡುವ ವಿಮೆಯವ. ಫುಟ್‌ಬಾಲ್ ಆಡುವವರಿಗೂ ಒಬ್ಬ ಏಜೆಂಟ ಇರುತ್ತಾನೆ ಎಂದು ಪಾಲಾಕ್ಷ ವಿವರಿಸಲು ಶುರುಮಾಡಿದರೆ ಕೇಳುವವರ ಕಣ್ಣಿನಲ್ಲಿ ಮೊದಲು ಕರುಣೆ, ಆಮೇಲೆ ಅನುಮಾನ ಬರುತ್ತಿತ್ತು. ಕರುಣೆಯಾದರೂ ಪರವಾಗಿಲ್ಲ ಅಂದುಕೊಳ್ಳುತ್ತಿದ್ದ.

‘ಇವತ್ತು ಯಾವ ರೂಟು?’ ಜುಂಜಣ್ಣ ಬಸ್ಸಿನಿಂದ ಇಳಿದು ಬಂದ.

‘ಮೊಳಕಾಲ್ಮೂರು.’

‘ನಮ್ ಬಸ್ಸಿಗೇ ಹತ್ತಲೇ. ಏಜೆಂಟ್ರ ಹತ್ರ ಏಜೆಂಟ್ರು ಟಿಕೆಟ್ ಕಾಸು ಇಸ್ಕೋಬಾರ್ದು.’

‘ಕಾರ್ ಬರ್ತೈತೆ. ಬೆಂಗ್ಳೂರಿಂದ. ಕ್ಲಬ್ ಮ್ಯಾನೇಜರು.’

‘ಕಾರಾ? ಎಷ್ಟ್ ಸೀಟು ಖಾಲಿ ಐತೆ ಹೇಳು, ನಾನ್ ಕೂಗಿ ಕೊಡ್ತೀನಿ.’

ಹತ್ತಿರ ನಿಂತಿದ್ದ ಕಂಡಕ್ಟರ್ ನಕ್ಕ. ಪಾಲಾಕ್ಷನೂ ನಕ್ಕ. ನಗದಿದ್ದರೆ ನಾಳೆ ಇದೇ ಮಾತು ಇನ್ನೂ ಉದ್ದವಾಗಿ ಬರುತ್ತದೆ ಎಂದು ಅವನಿಗೆ ಗೊತ್ತಿತ್ತು. ಅಂಗಿಯ ಜೇಬು ಮುಟ್ಟಿ ನೋಡಿಕೊಂಡ. ಅದರೊಳಗೆ ಕಾರ್ಡುಗಳಿದ್ದವು: ‘ಪಾಲಾಕ್ಷ, ಮಾಜಿ ಫುಟ್‌ಬಾಲ್ ಆಟಗಾರ, ಸ್ಪೋರ್ಟ್ಸ್ ಏಜೆಂಟ್’. ಮೂಲೆಗೊಂದು ಚೆಂಡು ಹಾಕಿಕೊಡುತ್ತೇನೆಂದ ಪ್ರೆಸ್ಸಿನವನು ವಾಲಿಬಾಲ್ ಹಾಕಿಕೊಟ್ಟಿದ್ದ. ಹೆಂಡತಿ ಮಾಲಾ ಅದನ್ನು ಗಮನಿಸಲಿಲ್ಲ. ಅಂಗನವಾಡಿಗೆ ಹೊರಟವಳು ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, ‘ಮಾಜಿ ಅಂತ ಯಾಕ್ ಹಾಕ್ಸಿದ್ರಿ, ಸತ್ತೋರ್ ಫೋಟೋ ಕೆಳಗೆ ಬರ್ದಂಗೈತೆ’ ಅಂದಿದ್ದಳು. ಅವತ್ತಿನಿಂದ ಕಾರ್ಡು ಕೊಡುವಾಗ ಅವನ ಹೆಬ್ಬೆರಳು ತನ್ನಷ್ಟಕ್ಕೇ ಆ ಪದದ ಮೇಲೆ ಹೋಗಿ ಕೂರುತ್ತಿತ್ತು. ಇನ್ನು ಅವ್ವ ಲಕ್ಷ್ಮಕ್ಕ. ಅವನು ಚಪ್ಪಲಿ ಮೆಟ್ಟಿದ ಸದ್ದಾದರೆ ಸಾಕು, ಒಳಗಿನಿಂದ ‘ಸಂಜೀಕ್ ಬರ್ತೀಯೇನಪ್ಪ’ ಎನ್ನುತ್ತಾಳೆ. ಇದು ಪ್ರಶ್ನೆಯಲ್ಲ, ಹಳೆಯ ಚುಚ್ಚು. ಪರಶುರಾಂಪುರದ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು ಎಲ್ಲಿಂದಲೋ ತಂದ ಚೆಂಡನ್ನು ಒದೆಯುತ್ತ ಬೆಳೆದವನು ಒಂದು ಬೆಳಿಗ್ಗೆ ‘ಚಳ್ಳಕೆರೇಲಿ ಮ್ಯಾಚ್ ಐತೆ, ಸಂಜೀಕ್ ಬರ್ತೀನಿ’ ಅಂತ ಹೇಳಿ ಬೆಂಗಳೂರಿನ ಬಸ್ಸು ಹತ್ತಿದ್ದ. ಕಾರ್ಖಾನೆಯೊಂದರ ಟೀಮಿಗೆ ಸೇರಿ, ಮಳೆಗಾಲ ಕಳೆದ ಮೇಲೆ ಊರಿಗೆ ಮುಖ ತೋರಿಸಿದ್ದ. ಅವ್ವನಿಗೆ ಅವತ್ತೇ ನಿಜ ಹೇಳಿದ್ದರೆ ಕಳಿಸುತ್ತಿದ್ದಳೋ ಇಲ್ಲವೋ, ಅದು ಇವತ್ತಿಗೂ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳಲು ಧೈರ್ಯವೂ ಇಲ್ಲ.

ಕಾರು ಬಂತು. ರಸ್ತೆಯ ಆಚೆ ನಿಂತಿತು. ದಾಟಲು ಬಲಕ್ಕೆ ತಿರುಗುವಾಗ ಅವನಿಗೆ ಎಂದಿನಂತೆ ತನ್ನ ಮೈ ನೆನಪಾಯಿತು. ಬೆಂಗಳೂರಿನಲ್ಲಿ ಅವನು ಎಡಗಡೆ ಬ್ಯಾಕ್ ಆಡುತ್ತಿದ್ದ. ಕೋಚು ಬೆನ್ನು ತಟ್ಟಿ ‘ಎಡಗಾಲು ಅಂದ್ರೆ ಇದಪ್ಪ’ ಅನ್ನುತ್ತಿದ್ದರು. ಪ್ರತಿ ವರ್ಷ ಅದೇ ಮಾತು, ಅದೇ ಜಾಗದಲ್ಲಿ ಬೆನ್ನ ಮೇಲೆ ಅದೇ ಪೆಟ್ಟು. ಒಂದು ಸೀಸನ್ನಿನಲ್ಲಿ ಹೆಸರು ಕೂಗುವಾಗ ಅವನ ಹೆಸರು ಬರಲಿಲ್ಲ, ಅಷ್ಟೇ. ಯಾರೂ ಏನೂ ಹೇಳಲಿಲ್ಲ. ಬಹಳ ವರ್ಷದ ಮೇಲೆ ಶಿವಾಜಿನಗರದ ಚಹಾದಂಗಡಿಯಲ್ಲಿ ಸಿಕ್ಕ ಹಳೆಯ ಎದುರಾಳಿಯೊಬ್ಬ ಬನ್ನು ಅದ್ದಿಕೊಂಡು ತಿನ್ನುತ್ತ ಬಹಳ ಆತ್ಮೀಯತೆಯಿಂದ ಹೇಳಿದ್ದ: ‘ನಿನ್ನ ಬಲಕ್ಕೆ ನುಗ್ಗಿದ್ರೆ ಸಾಕಿತ್ತು ಗುರು, ಆ ಕಡೆ ನೀನು ತಿರುಗೋದು ಲೇಟು. ಇಡೀ ಲೀಗಿಗೇ ಗೊತ್ತಿತ್ತಲ್ಲ.’ ಇಡೀ ಲೀಗಿಗೆ. ಗೋಲು ಹೊಡೆಸಿಕೊಂಡ ದಿನಗಳೆಲ್ಲ ಒಂದೊಂದಾಗಿ ಎದ್ದು ಬಂದು ಚಹಾದಂಗಡಿಯ ಮುಂದೆ ಸಾಲಾಗಿ ನಿಂತಿದ್ದವು, ಎಲ್ಲವೂ ಬಲಗಡೆಯಿಂದ ಬಂದವು. ಊರಿಗೆಲ್ಲ ಗೊತ್ತಿದ್ದದ್ದು ತನಗೊಬ್ಬನಿಗೇ ಗೊತ್ತಿಲ್ಲದೆ ಅಷ್ಟು ವರ್ಷ ತಾನು ಅಂಗಿ ಹಿಂದುಮುಂದಾಗಿ ತೊಟ್ಟವನ ಹಾಗೆ ಬೀದಿಯಲ್ಲಿ ಓಡಾಡಿಕೊಂಡಿದ್ದೆ ಅನ್ನಿಸಿತ್ತು. ಆಮೇಲೆ ಅವನು ಸುಮ್ಮನೆ ನಡೆಯುವಾಗಲೂ ಬಲಕ್ಕೆ ತಿರುಗುವುದನ್ನು ಗಮನಿಸತೊಡಗಿದ. ಹಾಸಿಗೆಯಲ್ಲಿ ಬಲಕ್ಕೆ ಹೊರಳಿದರೆ ಅಲ್ಲಿ ಮಾಲಾ ಇರುತ್ತಿದ್ದಳು. ಅವಳೂ ಗಮನಿಸಿರಬಹುದೇ, ಲೇಟು ಅಂದುಕೊಂಡಿರಬಹುದೇ ಎಂದು ಯೋಚಿಸಿ ನಾಚಿಕೊಳ್ಳುತ್ತಿದ್ದ.

ಮ್ಯಾನೇಜರು ಮಂಗಳೂರಿನ ಕಡೆಯವರು. ಪಾಲಾಕ್ಷ ಹಿಂದಿನ ಬಾಗಿಲು ತೆಗೆಯಲು ಹೋದಾಗ ‘ನೀವು ಮುಂದೆ ಕೂತ್ಕೊಳ್ಳಿ, ದಾರಿ ತೋರಿಸ್ಬೇಕಲ್ಲ’ ಅಂದರು. ದಾರಿ ತೋರಿಸಲು ಅಲ್ಲಿ ಏನೂ ಇರಲಿಲ್ಲ. ತಳಕು ದಾಟಿದರೆ ಬಿ.ಜಿ. ಕೆರೆ, ಅದು ದಾಟಿದರೆ ಹಾನಗಲ್, ಅಲ್ಲಿ ತಿರುಗಿದರೆ ಮೊಳಕಾಲ್ಮೂರು. ಉಳಿದದ್ದೆಲ್ಲ ಜಾಲಿ, ಕುರಿಮಂದೆ, ಬಂಡೆ. ಆದರೂ ಅವನು ಡ್ರೈವರಿಗೆ ಆಗಾಗ ‘ನೇರ’ ಅನ್ನುತ್ತಿದ್ದ. ಹಿಂದಿನಿಂದ ಮ್ಯಾನೇಜರು ಮಾತಾಡುತ್ತಿದ್ದರು. ‘ನೋಡಿ ಪಾಲಾಕ್ಷ, ಹುಡುಗ ಚೆನ್ನಾಗಿ ಆಡಿದ್ರೆ ಮಾತ್ರ ಸಾಲದು. ಮನೆಯವರು, ಮುಖ್ಯ ತಾಯಿ, ಮನಸ್ಸಿಂದ ಕಳಿಸ್ಬೇಕು. ಹೋದ ವರ್ಷ ಒಬ್ಬ ದೀಪಾವಳಿಗೆ ಅಂತ ಊರಿಗೆ ಹೋದವ ಬರ್ಲೇ ಇಲ್ಲ ಮಾರಾಯ್ರೆ. ಅಮ್ಮ ಅತ್ತಳಂತೆ. ಅದಕ್ಕೇ ಈಗ ನಾನೇ ಹೋಗಿ ತಾಯಿ ಬಾಯಿಂದ ಹೂಂ ಅನ್ನಿಸಿಕೊಂಡೇ ಬರೋದು.’ ಪಾಲಾಕ್ಷ ‘ಅದಕ್ಕೇನ್ ಸರ್, ಮನೆಯವರೆಲ್ಲ ಒಪ್ಪಿದಾರೆ’ ಅಂದ. ಅಂದ ಮೇಲೆ ಕಿಟಕಿಯ ಹೊರಗೆ ನೋಡಿದ. ಒಪ್ಪಿದ್ದರೇ? ಇವತ್ತು ತೋರಿಸಲು ಹೊರಟಿದ್ದ ಹುಡುಗ ವಿನೋದನ ಅವ್ವ ಯರ್ರಮ್ಮ ಒಂದು ಸಲವೂ ಬೇಡ ಅಂದಿರಲಿಲ್ಲ. ಅವನು ಹೋದಾಗಲೆಲ್ಲ ಅವಳು ಮಗ್ಗದಲ್ಲಿ ಕೂತು ತನ್ನ ಪಾಡಿಗೆ ಲಾಳಿ ಎಸೆಯುತ್ತಿದ್ದಳು. ಬೇಡ ಅನ್ನದಿದ್ದವರನ್ನು ಒಪ್ಪಿದವರ ಲೆಕ್ಕಕ್ಕೆ ಸೇರಿಸಿಕೊಳ್ಳುವುದು ಏಜೆಂಟಿಕೆಯಲ್ಲಿ ಅವನು ಕಲಿತ ಮೊದಲ ಪಾಠವಾಗಿತ್ತು. ತಳಕಿನ ಒಬ್ಬ ಗೋಲ್‌ಕೀಪರ್ ಪೊಲೀಸ್ ಟೀಮಿಗೆ, ಬಿ.ಜಿ. ಕೆರೆಯ ಒಬ್ಬ ಹಾಸ್ಟೆಲ್ ಸೀಟಿನ ಆಸೆಗೆ ಯಾವುದೋ ಕಾಲೇಜಿಗೆ. ಇಷ್ಟೇ ಅವನ ಈವರೆಗಿನ ಬೆಳೆ. ವಿನೋದ ಬೇರೆ. ವಿನೋದನನ್ನು ದೊಡ್ಡ ಕ್ಲಬ್ಬಿನವರು ತೆಗೆದುಕೊಂಡರೆ ಏಜೆಂಟ ಎಂಬ ಶಬ್ದವೇ ಈ ತಾಲ್ಲೂಕುಗಳಲ್ಲಿ ಇನ್ನೊಂದು ಅರ್ಥ ಪಡೆಯುತ್ತದೆ. ತೆಗೆದುಕೊಳ್ಳದಿದ್ದರೆ ಮಾಲಾಳ ತಮ್ಮ ಹೇಳಿದ ಹಾಗೆ ಎಣ್ಣೆ ಮಿಲ್ಲಿಗೆ ಮೇಸ್ತ್ರಿಯಾಗಿ ಹೋಗುವುದು. ಅದು ನಿಶ್ಚಯವಾಗಿತ್ತು. ಮಾಲಾ ಬೈದು ಹೇಳಿರಲಿಲ್ಲ, ಅನ್ನಕ್ಕೆ ಸಾರು ಹಾಕುತ್ತ ಮೆತ್ತಗೆ ಹೇಳಿದ್ದಳು. ಮೆತ್ತಗೆ ಹೇಳಿದ್ದಕ್ಕೇ ಅದನ್ನು ದಾಟುವ ದಾರಿ ಇರಲಿಲ್ಲ.

ವಿನೋದ ಸಿಕ್ಕಿದ್ದು ಸೀರೆ ಕೊಳ್ಳಲು ಹೋದಾಗ. ನಾದಿನಿಯ ಮದುವೆಗೆಂದು ಮೊಳಕಾಲ್ಮೂರಿಗೆ ಬಂದು, ಮಾಲಾ ಅಂಚು ಸೆರಗು ಅಂತ ಹೆಂಗಸರ ಜೊತೆ ಕೂತಾಗ ಇವನು ಬೇಸರಕ್ಕೆ ಸ್ಕೂಲ್ ಮೈದಾನದ ಕಡೆ ನಡೆದಿದ್ದ. ನೇಕಾರರ ಹುಡುಗರು ಆಡುತ್ತಿದ್ದರು. ಹಗಲೆಲ್ಲ ಮಗ್ಗದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತವರು, ಸಂಜೆ ಆ ಕಾಲುಗಳನ್ನು ಹೊರಗೆ ತಂದು ಗಾಳಿಗೆ ಬಿಟ್ಟ ಹಾಗಿತ್ತು ಆ ಆಟ. ಅವರಲ್ಲಿ ಇಪ್ಪತ್ತರ ಆಚೀಚಿನ ಒಬ್ಬ ತೆಳ್ಳನೆಯವನ ಎರಡು ಕಾಲೂ ಒಂದೇ ಸಮ ಮಾತು ಕೇಳುತ್ತಿದ್ದವು. ಎಡ ಬಲ ಎಂಬ ಭೇದವೇ ಇರಲಿಲ್ಲ. ಮಗ್ಗದ ತುಳಿಮಣೆ ತುಳಿದ ಕಾಲು, ಯಾವುದು ಯಾವಾಗ ಒತ್ತಬೇಕು ಯಾವುದು ಬಿಡಬೇಕು ಎಂದು ತಲೆಯನ್ನು ಕೇಳದೆ ತಾನೇ ತಿಳಿದುಕೊಂಡ ಕಾಲು. ಪಾಲಾಕ್ಷನಿಗೆ ಆದದ್ದು ಹೊಟ್ಟೆಕಿಚ್ಚೋ ಸಂತೋಷವೋ ತಿಳಿದಿರಲಿಲ್ಲ. ಅದೇ ಸಂಜೆ, ಕತ್ತಲಾಗುವ ಮುಂಚೆ, ಆ ಹುಡುಗನ ಕುಂದೂ ಅವನಿಗೆ ಕಂಡಿತ್ತು. ಚೆಂಡು ಕಾಲಿನಿಂದ ತಪ್ಪಿಹೋದ ತಕ್ಷಣ ವಿನೋದ ನಿಂತುಬಿಡುತ್ತಿದ್ದ. ತಪ್ಪಿದ ಜಾಗವನ್ನೇ ತಲೆ ಬಗ್ಗಿಸಿ ನೋಡುತ್ತಿದ್ದ. ಕಿತ್ತುಕೊಂಡವನು ಅಷ್ಟರಲ್ಲಿ ಮೈದಾನದ ಅರ್ಧ ದಾಟಿರುತ್ತಿದ್ದ. ಇದನ್ನು ಹೇಳಬೇಕು ಅಂದುಕೊಂಡೇ ಪಾಲಾಕ್ಷ ಅವನ ಹತ್ತಿರ ಹೋಗಿದ್ದು. ಆದರೆ ಬಾಯಿಂದ ಬಂದದ್ದು, ‘ಕಾಲು ಅಂದ್ರೆ ಇದಪ್ಪ.’ ಬೆನ್ನು ಕೂಡ ತಟ್ಟಿದ್ದ. ಆಮೇಲೆ ಬಂದ ಭಾನುವಾರಗಳಲ್ಲೆಲ್ಲ ತಟ್ಟಿದ್ದ.

ಮೈದಾನದಲ್ಲಿ ಬಳ್ಳಾರಿಯ ಕಡೆಯಿಂದ ಬಂದ ಟೀಮೊಂದು ಕಾಯುತ್ತಿತ್ತು. ಮ್ಯಾಚನ್ನು ಪಾಲಾಕ್ಷನೇ ಗೊತ್ತುಮಾಡಿದ್ದ. ಶಾಲೆಯ ಬೆಂಚು ತಂದು ಮ್ಯಾನೇಜರನ್ನು ನೆರಳಿಗೆ ಕೂರಿಸಿದ. ಆಟ ಶುರುವಾಯಿತು. ವಿನೋದ ಒಬ್ಬನನ್ನು ಎಡಗಾಲಿನಿಂದ, ಇನ್ನೊಬ್ಬನನ್ನು ಬಲಗಾಲಿನಿಂದ ದಾಟಿದಾಗ ಮ್ಯಾನೇಜರು ಕಾಲ ಮೇಲೆ ಕಾಲು ಹಾಕಿದ್ದನ್ನು ಇಳಿಸಿದರು. ಪಾಲಾಕ್ಷ ಅದನ್ನು ನೋಡಿದ. ಆಮೇಲೆ ಅವನು ಆಟದ ಮೇಲೆ ಒಂದು ಕಣ್ಣು, ಆಟ ನೋಡುವವರ ಮೇಲೆ ಇನ್ನೊಂದು ಕಣ್ಣು ಇಟ್ಟು ಕೂತ. ವಿನೋದನ ಕಾಲಿನಲ್ಲಿ ಚೆಂಡು ಇರುವವರೆಗೆ ಸುಮ್ಮನಿದ್ದು, ಅದು ತಪ್ಪುತ್ತದೆ ಅನ್ನಿಸಿದ ಗಳಿಗೆಯಲ್ಲಿ ‘ಸರ್, ನೀರು’ ಅಂದ. ಮ್ಯಾನೇಜರು ತಿರುಗಿ ನೀರು ಕುಡಿಯುವಷ್ಟರಲ್ಲಿ ವಿನೋದ ನಿಂತು, ನೆಲ ನೋಡಿ, ಮತ್ತೆ ಓಡಲು ಶುರುಮಾಡಿದ್ದ. ಇನ್ನೊಂದು ಸಲ ತಪ್ಪಿದಾಗ ‘ಬಿಸ್ಲು ಬರ್ತೈತಾ ಸರ್, ಬೆಂಚು ಈಕಡೆ ಎಳೀಲಾ’ ಅಂದ. ಆಮೇಲೆ ದೂರದ ಬೆಟ್ಟ ತೋರಿಸಿದ. ತನ್ನ ಚಾಕಚಕ್ಯತೆ ತನಗೇ ಆಶ್ಚರ್ಯ ತಂದಿತು. ಬ್ಯಾಕ್ ಆಡುವಾಗ ಇಷ್ಟು ಚುರುಕಾಗಿದ್ದಿದ್ದರೆ ಎಂದು ಒಂದು ಯೋಚನೆ ಬಂದು ಹೋಯಿತು.

ಆಗ ಕಾಂಪೌಂಡಿನ ಮುರಿದ ಸಂದಿಯಿಂದ ಒಬ್ಬ ಹೆಂಗಸು ಒಳಗೆ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು, ಕೂದಲಿಗೆ ರೇಷ್ಮೆಯ ಚೂರು ಅಂಟಿತ್ತು. ಯರ್ರಮ್ಮ. ಮಗ್ಗ ಬಿಟ್ಟು ಎದ್ದು ಬಂದಿದ್ದಾಳೆ ಅಂದರೆ ಏನೋ ಇದೆ ಅಂದುಕೊಳ್ಳುವಷ್ಟರಲ್ಲಿ ಬಳ್ಳಾರಿಯ ಒಬ್ಬ ದಾಂಡಿಗ ವಿನೋದನಿಗೆ ಡಿಕ್ಕಿ ಹೊಡೆದು ಇಬ್ಬರೂ ಉರುಳಿದರು. ಯರ್ರಮ್ಮ ಕೂಗಿದಳು: ‘ವದ್ದುರಾ, ವದ್ದು.’ ವಿನೋದ ಎದ್ದ, ಮೊಣಕಾಲು ಒರೆಸಿಕೊಂಡು ಓಡಿದ. ಅವಳು ಗೆರೆಯ ಪಕ್ಕದಲ್ಲಿ ಅವನ ಜೊತೆಗೇ ನಡೆಯುತ್ತ ‘ವದ್ದು ನಾಯನಾ, ವದ್ದು’ ಅನ್ನುತ್ತಲೇ ಇದ್ದಳು. ತೆಲುಗಿನ ವದ್ದು, ಅಂದರೆ ಬೇಡ. ಈ ಸೀಮೆಯಲ್ಲಿ ಹುಟ್ಟಿದ ಕೋಳಿಗೂ ಆ ಮಾತು ಗೊತ್ತು. ಆದರೆ ಮ್ಯಾನೇಜರ ಮುಖ ಅರಳಿತು.

‘ಆ ಹೆಂಗಸು ಯಾರು ಮಾರಾಯ್ರೆ? ಒದ್ದು, ಒದ್ದು ಅಂತ ಕೂಗ್ತಿದಾರಲ್ಲ.’

‘ಹುಡುಗನ ತಾಯಿ ಸರ್.’

‘ತಾಯಿಯಾ? ಒದ್ದು ಹಾಕು ಅಂತ ಹೇಳೋದಾ? ಎಂಥ ತಾಯಿ. ನಮ್ಮ ಕಡೆ ಅಮ್ಮಂದಿರು ಮೈದಾನಕ್ಕೆ ಕಾಲೇ ಇಡುದಿಲ್ಲ.’

ಪಾಲಾಕ್ಷ ಬಾಯಿ ತೆರೆದ. ಹೇಳಬೇಕಾದದ್ದು ಬಹಳ ಚಿಕ್ಕದು. ಅದು ನಾಲಿಗೆಯ ಮೇಲೂ ಬಂದಿತ್ತು. ‘ಹೌದು ಸರ್’ ಅಂದ. ಎಷ್ಟು ಸಲೀಸಾಗಿ ಬಂತು ಅಂದರೆ, ತಾನು ಸುಳ್ಳು ಹೇಳಲಿಲ್ಲ, ಯಾರೋ ಹೇಳಿದ್ದಕ್ಕೆ ತಲೆಯಾಡಿಸಿದೆ ಅಷ್ಟೇ ಎಂದು ಆ ಕ್ಷಣಕ್ಕೆ ಅನ್ನಿಸಿತು. ಮರುಕ್ಷಣಕ್ಕೆ ಅನ್ನಿಸಲಿಲ್ಲ. ಯರ್ರಮ್ಮ ಗೆರೆಯ ಹತ್ತಿರ ನಿಂತು, ಮಗನನ್ನು ಬಿಟ್ಟು, ಈಗ ಬೆಂಚಿನ ಕಡೆ ನೋಡುತ್ತಿದ್ದಳು. ಅಷ್ಟು ದೂರಕ್ಕೆ ಮಾತು ಕೇಳಿಸಿರಲಾರದು. ಕೇಳಿಸಿರಲಾರದು ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಅವನು ಉಳಿದ ಆಟದುದ್ದಕ್ಕೂ ಆ ಕಡೆ ತಿರುಗಲಿಲ್ಲ. ಆ ಕಡೆ ಅಂದರೆ ಬಲಗಡೆ.

ವಿನೋದನ ಮನೆಯಲ್ಲಿ ಮಗ್ಗವೇ ಅರ್ಧ ಜಾಗ. ಅದರ ಮೇಲೆ ಗಿಳಿಹಸಿರು ಸೀರೆಯೊಂದು ಸೆರಗಿನ ಹತ್ತಿರಕ್ಕೆ ಬಂದು ನಿಂತಿತ್ತು. ಮ್ಯಾನೇಜರಿಗೆ ಕುರ್ಚಿ ಹಾಕಿದರು, ಪಾಲಾಕ್ಷನಿಗೆ ಚಾಪೆ. ವಿನೋದನ ಅಪ್ಪ ವೆಂಕಟಪ್ಪ ರಾಟೆಯ ಪಕ್ಕ ಮುದುರಿ ಕೂತಿದ್ದ. ವಿನೋದ ಕಾಲು ತೊಳೆದು ಬಂದು ಬಾಗಿಲ ಚೌಕಟ್ಟಿಗೆ ಒರಗಿದ. ಅವನ ಮುಖದಲ್ಲಿ ಗೆದ್ದವನ ನಗು ಇತ್ತು, ಅದನ್ನು ಅವ್ವನಿಂದ ಮರೆಮಾಡಲು ನೋಡುತ್ತಿದ್ದ.

‘ನಿಮ್ ಹುಡುಗ ನಂಗೆ ಬೇಕು ಯಜಮಾನ್ರೇ,’ ಮ್ಯಾನೇಜರು ಅಂದರು. ‘ನಿಮ್ದು ಒಪ್ಪಿಗೆಯಾ?’

‘ನಂದೇನೈತೆ ಸಾಮಿ,’ ವೆಂಕಟಪ್ಪ ನಕ್ಕ. ‘ನಾನು ಈ ಮನ್ಯಾಗೆ ದಾರ ಸುತ್ತಾನು. ಮಗ್ಗ ಅವಳ್ದು, ಮಗ ಅವಳ್ದು, ಬೈಗುಳ ಮಾತ್ರ ನಂದು.’

ಮ್ಯಾನೇಜರು ಯರ್ರಮ್ಮನ ಕಡೆ ತಿರುಗಿದರು. ‘ಅಮ್ಮ, ಅಲ್ಲಿ ಅಷ್ಟು ಜೋರು ಕೂಗ್ತಾ ಇದ್ದವರು ಇಲ್ಲಿ ಯಾಕೆ ಸುಮ್ಮನಿದ್ದೀರಿ? ಕಳಿಸ್ತೀರಲ್ಲ?’

ಯರ್ರಮ್ಮ ಮಾತಾಡಿದಳು. ತೆಲುಗಿನಲ್ಲಿ, ಗೋಡೆಗೆ ಹೇಳುವಂತೆ, ಅವಸರವಿಲ್ಲದೆ. ಬೆಳಿಗ್ಗೆ ತರಕಾರಿ ಗಾಡಿಯವನ ಜೊತೆ ಅವಳು ಕನ್ನಡದಲ್ಲಿ ಜಗಳವಾಡುವುದನ್ನು ಪಾಲಾಕ್ಷ ಎಷ್ಟೋ ಸಲ ಕೇಳಿದ್ದ. ಈಗ ಅವಳು ತೆಲುಗು ಆರಿಸಿಕೊಂಡಿದ್ದಾಳೆ ಅಂದರೆ ಅದು ಮ್ಯಾನೇಜರಿಗೆ ಹೇಳುತ್ತಿರುವುದಲ್ಲ, ತನಗೆ. ಅವಳು ಹೇಳಿದ್ದು ಇದು. ನಮ್ಮ ಮನೆಗೂ ಏಜೆಂಟ ಬರುತ್ತಾನೆ, ಸೀರೆಯ ಏಜೆಂಟ. ಬಂದವನು ಸೀರೆಯ ಮುಖ ನೋಡುವುದಿಲ್ಲ, ತಿರುಗಿಸಿ ಹಿಂಬದಿ ನೋಡುತ್ತಾನೆ. ಬೆಳಕಿಗೆ ಹಿಡಿದು ಎಲ್ಲಿ ಎಳೆ ಜಗ್ಗಿದೆ, ಎಲ್ಲಿ ಗಂಟು ದಪ್ಪಗಿದೆ ಅಂತ ಬೆರಳಿನಲ್ಲಿ ಹುಡುಕಿ ‘ಛೆ ಛೆ’ ಅನ್ನುತ್ತಾನೆ. ಅದೇ ಸೀರೆಯನ್ನು ಅಂಗಡಿಯವನ ಮುಂದೆ ಹಾಸಿದಾಗ ಇಂಥದ್ದು ಲೋಕದಲ್ಲಿಲ್ಲ ಅಂತಾನೆ. ಈ ಮನುಷ್ಯ ಇಷ್ಟು ಭಾನುವಾರ ನನ್ನ ಮನೆಗೆ ಬಂದ. ನನ್ನ ಮಗನಲ್ಲಿ ಒಂದು ಕುಂದನ್ನೂ ಹುಡುಕಲಿಲ್ಲ. ‘ಏಜೆಂಟು ಪೊಗಿಡಿತೇ ಅಮ್ಮೇಸಿನಟ್ಲೇ,’ ಅಂದಳು ಕೊನೆಗೆ. ಏಜೆಂಟ ಹೊಗಳಿದ ಅಂದರೆ ಮಾರಿ ಆಯಿತು ಅಂತಲೇ. ಹಿಂಬದಿ ನೋಡದವನ ಕೈಗೆ ನಾನು ಮಗನನ್ನು ಹೇಗೆ ಕೊಡಲಿ.

‘ಏನಂತಾರೆ?’ ಮ್ಯಾನೇಜರು ಕೇಳಿದರು.

ಮಾರಿ ಆಯಿತು. ಪಾಲಾಕ್ಷನಿಗೆ ಕಿವಿ ಬಿಸಿಯಾಯಿತು. ವಾರದ ಹಿಂದೆಯೇ ಅವನು ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ ‘ಹುಡುಗ ನಿಮ್ಮವನೇ ಅಂದ್ಕೊಳ್ಳಿ ಸರ್’ ಅಂದಿದ್ದ. ಅದು ಈ ಹೆಂಗಸಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ, ಆದರೂ ಗೊತ್ತಿತ್ತು. ‘ಹೆದರ್ಕೆ ಅಂತೆ ಸರ್,’ ಅಂತ ಶುರುಮಾಡಿದ, ‘ಒಬ್ನೇ ಮಗ, ಬೆಂಗ್ಳೂರು ದೂರ ಅಂತ...’ ಹೇಳುತ್ತ ಹೇಳುತ್ತ ಯರ್ರಮ್ಮನನ್ನು ನೋಡಿದ. ಅವಳು ಅವನ ಬಾಯನ್ನೇ ನೋಡುತ್ತಿದ್ದಳು. ಸಿಟ್ಟಿರಲಿಲ್ಲ. ಸೀರೆ ಬಿಚ್ಚಿ ಹಾಸುವವನನ್ನು ನೋಡುವ ಹಾಗೆ, ಮುಂದೆ ಏನು ಹೇಳುತ್ತಾನೆ ಅಂತ ಕಾಯುವ ಹಾಗೆ ನೋಡುತ್ತಿದ್ದಳು. ಅವನ ಪ್ರತಿ ಮಾತೂ ಅವಳಿಗೆ ತಿಳಿಯುತ್ತಿತ್ತು. ತಿಳಿಯುವವಳ ಎದುರಿಗೇ ಅವನು ಅವಳ ಮಾತನ್ನು ತಿರುಚುತ್ತಿದ್ದ. ತಾನು ಕಣ್ಣರಳಿಸಿ ಬೆನ್ನು ತಟ್ಟಿಸಿಕೊಳ್ಳುವಾಗ ಕೋಚಿನ ಮುಖ ಹೇಗಿತ್ತು ಅಂತ ನೆನಪು ಮಾಡಿಕೊಳ್ಳಲು ನೋಡಿದ. ನೆನಪಾಗಲಿಲ್ಲ. ಕೈ ಮಾತ್ರ ನೆನಪಿತ್ತು.

‘ಇಲ್ಲ ಸರ್,’ ಅಂದ. ‘ಅವ್ರು ಅದನ್ನ ಹೇಳ್ಲಿಲ್ಲ. ಇವನಲ್ಲಿ ಏನು ಕುಂದೈತೆ ಅಂತ ಕೇಳ್ತಿದಾರೆ. ನಾನು ಒಂದೂ ಹೇಳಿಲ್ವಂತೆ. ಅದಕ್ಕೇ ನಂಬಿಕೆ ಇಲ್ಲ ಅಂತಾರೆ.’

ಮ್ಯಾನೇಜರು ನಕ್ಕರು. ‘ಒಳ್ಳೆ ಕತೆ. ಕುಂದು ಹೇಳಿದ್ರೆ ನಾನ್ಯಾಕೆ ತಗೊಳ್ಳುದು?’

ವಿನೋದ ಚೌಕಟ್ಟಿನಿಂದ ಬೆನ್ನು ತೆಗೆದ. ಪಾಲಾಕ್ಷನಿಗೆ ಎಣ್ಣೆ ಮಿಲ್ಲಿನ ಹಿಂಡಿಯ ವಾಸನೆ ಮೂಗಿಗೆ ಬಂದ ಹಾಗಾಯಿತು. ಅವನು ಚಾಪೆಯಿಂದ ಎದ್ದು ಮಗ್ಗಕ್ಕೂ ಗೋಡೆಗೂ ನಡುವೆ ಉಳಿದಿದ್ದ ಇಷ್ಟೇ ಜಾಗದಲ್ಲಿ ನಿಂತ. ಕೂತು ಹೇಳಲು ಆಗುವುದಿಲ್ಲ ಅನ್ನಿಸಿತ್ತು.

‘ಚೆಂಡು ಕಾಲಿಂದ ತಪ್ಪಿದಾಗ ಇವನು ನಿಂತ್ಬಿಡ್ತಾನೆ,’ ಅಂದ. ‘ಹಿಂಗೆ.’ ತಾನೇ ತಲೆ ಬಗ್ಗಿಸಿ ನಿಂತು ತೋರಿಸಿದ. ‘ತಪ್ಪಿದ ಜಾಗ ನೋಡ್ತಾನೆ. ಅಷ್ಟೊತ್ತಿಗೆ ಕಿತ್ಕೊಂಡೋನು ಹೋಗಿಯೇ ಬಿಟ್ಟಿರ್ತಾನೆ. ಚೆಂಡು ಇದ್ದಾಗ ಇವನಂಥೋನು ಇಲ್ಲ. ಇಲ್ಲದಾಗ ಇವನು ಟೀಮ್ನಾಗೇ ಇರಲ್ಲ.’

‘ನಿಂತ್ರೆ ಏನು?’ ಯರ್ರಮ್ಮ ಕೇಳಿದಳು. ಕನ್ನಡದಲ್ಲಿ.

‘ತಾಯಿಗೆ ಕನ್ನಡ ಬರ್ತದಾ?’ ಮ್ಯಾನೇಜರು ಅಂದರು.

‘ನಿಂತ್ರೆ ಆಟ ಕೆಟ್ಟೋಗ್ತೈತೆ ಅಮ್ಮ. ಕಳ್ಕೊಂಡ ಗಳಿಗೇಲೇ ಬೆನ್ನು ಹತ್ಬೇಕು.’

‘ಎಳೆ ಕಡಿದ್ರೆ ನಿಲ್ಬೇಕು,’ ಅಂದಳು ಅವಳು, ಮಗುವಿಗೆ ಹೇಳುವಂತೆ. ‘ನಿಲ್ದೆ ಲಾಳಿ ಎಸದ್ರೆ ಬಟ್ಟೆ ಹಾಳು. ಎಲ್ಲಿ ಕಡೀತು ನೋಡ್ಬೇಕು, ಗಂಟು ಹಾಕ್ಬೇಕು, ಆಮ್ಯಾಲೆ ಮುಂ...’ ಅಲ್ಲಿಗೆ ಅವಳ ಮಾತು ನಿಂತಿತು. ಮಗನ ಕಡೆ ನೋಡಿದಳು. ‘ಅದನ್ನ ನಾನೇ ಕಲ್ಸಿದ್ದು ಇವನಿಗೆ. ನಿಲ್ದೆ ಹೋದಾಗ ಕೈ ಮ್ಯಾಲೆ ಹೊಡ್ದು ಕಲ್ಸಿದ್ದು.’

ಮ್ಯಾನೇಜರು ಕುರ್ಚಿಯಲ್ಲಿ ಸ್ವಲ್ಪ ಹಿಂದೆ ಸರಿದರು. ‘ಅದು ನಂಗೆ ಕಾಣ್ಲಿಲ್ವಲ್ಲ ಪಾಲಾಕ್ಷ. ಇಡೀ ಆಟ ನೋಡಿದೆ.’

‘ಕಾಣದಂಗೆ ನಾನೇ ಮಾಡ್ದೆ ಸರ್. ಅವನು ನಿಂತಾಗೆಲ್ಲ ನಿಮ್ಮನ್ನ ಮಾತಾಡ್ಸಿದೆ.’ ಹೇಳಿದ ಮೇಲೆ ಉಳಿದದ್ದನ್ನು ಇಟ್ಟುಕೊಳ್ಳಲು ಅವನಿಗೆ ಜಾಗವಿರಲಿಲ್ಲ. ‘ಇನ್ನೊಂದು. ತಾಯಿ ಒದಿ ಅಂತ ಕೂಗ್ಲಿಲ್ಲ. ವದ್ದು ಅಂದ್ರೆ ಬೇಡ ಅಂತ. ಆಡ್ಬೇಡ, ಬಿಟ್ಟು ಬಾ ಅಂತ ಅವ್ರು ಮಗನಿಗೆ ಕೂಗಿದ್ದು. ನಾನು ಹೌದು ಅಂದ್ಬಿಟ್ಟೆ.’

ಮ್ಯಾನೇಜರ ಮುಖ ಕೆಂಪಾಯಿತು. ಅವರು ಏನೋ ಇಂಗ್ಲಿಷಿನಲ್ಲಿ ಗೊಣಗಿ, ಏಳಲೋ ಬೇಡವೋ ಎನ್ನುವಂತೆ ಕುರ್ಚಿಯ ಕೈ ಹಿಡಿದರು. ಹೊರಗೆ ಡ್ರೈವರ್ ಕಾರಿನ ಬಾಗಿಲು ಹಾಕಿದ ಸದ್ದು ಕೇಳಿತು. ಮುಗಿಯಿತು ಅಂದುಕೊಂಡ ಪಾಲಾಕ್ಷ. ವಿಚಿತ್ರವೆಂದರೆ ಎದೆಯೊಳಗೆ ದಿಗಿಲಿನ ಜೊತೆಗೆ ಒಂದು ಹಗುರವೂ ಇತ್ತು, ಬಿಗಿಯಾದ ಬೂಟು ಬಿಚ್ಚಿದ ಮೇಲೆ ಬೆರಳುಗಳು ಒಂದೊಂದಾಗಿ ತಮ್ಮ ಜಾಗಕ್ಕೆ ಮರಳುವ ಹಾಗೆ. ವೆಂಕಟಪ್ಪ ರಾಟೆ ಬಿಟ್ಟು ಕೆಮ್ಮಿದ. ‘ಪರ್ವಾಗಿಲ್ಲ,’ ಅಂದ, ‘ತಡ ಆದ್ರೂ ಹಿಂಬದಿ ತಿರುವಿದ.’

ಯರ್ರಮ್ಮ ಎದ್ದು ಮಗನ ಹತ್ತಿರ ಹೋದಳು. ಅವನ ಮೊಣಕಾಲಿನ ತರಚಿದ ಗಾಯವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ವಿನೋದ ‘ಅವ್ವಾ’ ಅಂತ ಕಾಲು ಹಿಂದೆಳೆದುಕೊಂಡ. ಅವಳು ಅವನ ಮುಖ ನೋಡಲಿಲ್ಲ, ಗಾಯಕ್ಕೇ ಹೇಳಿದ ಹಾಗೆ ಹೇಳಿದಳು: ‘ತೆಗಿತೇ ತೆಗನೀರಾ. ಉರುಕು.’

‘ಈಗ ಏನಂದ್ರು?’ ಮ್ಯಾನೇಜರು ಕೇಳಿದರು.

‘ಕಡಿದ್ರೆ ಕಡೀಲಿ ಬಿಡು, ಓಡು ಅಂದ್ರು,’ ಪಾಲಾಕ್ಷ ಅಂದ.

ಮ್ಯಾನೇಜರು ಅವನನ್ನು ದಾಟಿ ಯರ್ರಮ್ಮನನ್ನೇ ಕೇಳಿದರು. ‘ಹೌದಾ ಅಮ್ಮ? ಹಾಗೇ ಅಂದದ್ದಾ?’

ಅದು ಪಾಲಾಕ್ಷನಿಗೆ ಚುಚ್ಚಿತು. ಚುಚ್ಚಬೇಕಾದದ್ದೇ.

‘ಹೂಂ,’ ಅಂದಳು ಯರ್ರಮ್ಮ. ‘ಸರಿಯಾಗಿ ಹೇಳ್ದ.’

ತಾಯಿ ಬಾಯಿಂದ ಹೂಂ ಬಂದದ್ದೇ ಮ್ಯಾನೇಜರು ಎದ್ದರು. ಹುಡುಗನನ್ನು ಕ್ಯಾಂಪಿಗೆ ಕಳಿಸಿ, ನಿಲ್ಲುವುದು ಬಿಟ್ಟರೆ ಮುಂದಿನ ಮಾತು, ಬಿಡದಿದ್ದರೆ ಬಸ್ಸು ಹತ್ತಿಸಿ ಕಳಿಸುತ್ತೇನೆ ಅಂದರು, ಯರ್ರಮ್ಮನಿಗೆ. ಪಾಲಾಕ್ಷನಿಗೆ ಏನೂ ಹೇಳಲಿಲ್ಲ. ಬಳ್ಳಾರಿಯಲ್ಲಿ ಕೆಲಸವಿದೆ ಅಂತ ಆ ದಿಕ್ಕಿಗೆ ಕಾರು ತಿರುಗಿಸಿಕೊಂಡು ಹೋದರು. ಮುಂದಿನ ಸೀಟು ಖಾಲಿಯಾಗಿತ್ತು.

ವಿನೋದ ಬಸ್ಸಿನ ತನಕ ಜೊತೆಗೆ ಬಂದ. ದಾರಿಯುದ್ದಕ್ಕೂ ಒಂದು ಹೆಜ್ಜೆ ಮುಂದೆಯೇ ನಡೆದ, ಕಲ್ಲೊಂದನ್ನು ಒದೆಯುತ್ತ, ಒಮ್ಮೆ ಎಡಗಾಲಿನಿಂದ ಒಮ್ಮೆ ಬಲಗಾಲಿನಿಂದ. ಬಸ್ ನಿಲ್ಲುವ ಜಾಗದ ಬಂಡೆಯ ಹತ್ತಿರ ಬಂದಾಗ ತಿರುಗಿ ನಿಂತ. ಅವನ ಕಣ್ಣು ಕೆಂಪಗಿತ್ತು.

‘ಮೊದಲ್ನೇ ದಿನಾನೇ ನೋಡಿದ್ದೆ ಅಲ್ವಣ್ಣ ನೀನು?’

‘ಹೂಂ.’

‘ಮತ್ತೆ ಯಾಕ್ ಹೇಳ್ಲಿಲ್ಲ? ಇಷ್ಟ್ ದಿನ ಎಲ್ರೂ ನೋಡ್ತಿದ್ರು, ನಾನು ಹಂಗೇ ನಿಂತ್ಕಂತಿದ್ದೆ.’

ಇದೇ ಪ್ರಶ್ನೆಯನ್ನು ಕೇಳಲು ಪಾಲಾಕ್ಷ ಒಮ್ಮೆ ಬೆಂಗಳೂರಿನವರೆಗೂ ಹೋಗಿದ್ದ. ಕೋಚಿನ ಮನೆಯ ಗೇಟಿನ ತನಕ ಹೋಗಿ, ಒಳಗೆ ಮುದುಕ ಕುಂಡಕ್ಕೆ ನೀರು ಹಾಕುವುದನ್ನು ನೋಡಿ, ಗೇಟು ತೆಗೆಯದೆ ವಾಪಸು ಬಂದಿದ್ದ. ಈಗ ಅದೇ ಪ್ರಶ್ನೆ ಎದುರಿಗೆ ನಿಂತು ಅವನಿಂದ ಉತ್ತರ ಕೇಳುತ್ತಿತ್ತು. ನಿನ್ನ ಧೈರ್ಯ ಕುಂದಬಾರದು ಅಂತ, ಎಂದು ಹೇಳಬಹುದಿತ್ತು. ಮುದುಕನೂ ಅದನ್ನೇ ಹೇಳುತ್ತಿದ್ದನೇನೋ. ಬೆನ್ನು ತಟ್ಟುವ ಕೈಗೂ ಒಂದು ಭಯವಿರುತ್ತದೆ, ತಟ್ಟುವುದು ನಿಲ್ಲಿಸಿದರೆ ಆ ಬೆನ್ನು ಅಲ್ಲಿಂದ ಎದ್ದು ಹೋದೀತು ಅಂತ. ಆ ಭಯ ಎಷ್ಟು ಸಾಮಾನ್ಯವಾದದ್ದು, ಎಷ್ಟು ಬಡಪಾಯಿಯಾದದ್ದು ಎಂದು ಅವನಿಗೆ ತನ್ನ ಅಂಗೈ ನೋಡಿದರೇ ಗೊತ್ತಾಗುತ್ತಿತ್ತು.

‘ಹೇಳಿದ್ರೆ ನೀನು ಬೇರೆ ಯಾರ ಹತ್ರನಾದ್ರೂ ಹೋಗ್ತೀಯೇನೋ ಅಂತ ಕಣಲೇ,’ ಅಂದ. ‘ನಂಗೆ ನಿನ್ ಬಿಟ್ರೆ ಯಾರೂ ಇರ್ಲಿಲ್ಲ.’

ವಿನೋದ ಕಲ್ಲನ್ನು ಕಾಲಡಿ ಇಟ್ಟುಕೊಂಡು ಉರುಳಿಸುತ್ತಿದ್ದ. ಚಳ್ಳಕೆರೆಯ ಬಸ್ಸು ಧೂಳೆಬ್ಬಿಸಿಕೊಂಡು ಬಂದು ನಿಂತಿತು, ಇಳಿಯುವವರು ಇಳಿದರು. ಪಾಲಾಕ್ಷ ಹತ್ತಲು ಕಂಬಿಗೆ ಕೈ ಹಾಕಿದ.

‘ಇನ್ನೂ ಐತಾ?’ ಹಿಂದಿನಿಂದ ವಿನೋದ ಕೇಳಿದ.

‘ಏನು?’

‘ಕುಂದು. ಇದೊಂದೇನಾ, ಇನ್ನೂ ಐತಾ?’

ಪಾಲಾಕ್ಷ ಅವನನ್ನು ನೋಡಿದ. ಕಂಬಿ ಬಿಟ್ಟ. ‘ಐತೆ,’ ಅಂದ. ‘ಬಾಳ ಐತೆ.’

ವಿನೋದ ಬಂಡೆಯ ಮೇಲೆ ಕೂತು, ಪಕ್ಕದಲ್ಲಿ ಜಾಗ ಬಿಟ್ಟ. ಬಸ್ಸು ಒಂದು ಸಲ ಹಾರ್ನ್ ಹೊಡೆದು ಹೊರಟುಹೋಯಿತು.